ಅವಿರೋಧ ಆಯ್ಕೆ

ಸನ್ಮಾನ್ಯ ಸಭಾಧ್ಯಕ್ಷರೇ, ದೂರದಿಂದ ಬಂದ ಅತಿಥಿಗಳೇ, ಪಂಚಾಯಿತಿಯ ಸದಸ್ಯರೇ, ಫ್ಯಾನಿನ ಕೆಳಗೆ ಮೊದಲೇ ಜಾಗ ಹಿಡಿದ ಜಾಣ ಸಭಿಕರೇ,

ನಾಮಪತ್ರ ಸಲ್ಲಿಸಲು ನಾಳೆ ಸಂಜೆಯವರೆಗೆ ಸಮಯವಿದೆ. ಆದರೂ ನೀವು ಇವತ್ತೇ ನನಗೆ ಸನ್ಮಾನ ಮಾಡಿ ಮುಗಿಸಿದ್ದೀರಿ. ಈ ಸಲವೂ ನಮ್ಮ ಅಧ್ಯಕ್ಷರದು ಅವಿರೋಧ ಆಯ್ಕೆ ಎಂದು ಸ್ವಾಗತ ಕೋರಿದ ಮೇಷ್ಟ್ರು ಹೇಳಿದರು. ಅವಿರೋಧ. ಎಂಥ ಗಂಭೀರ ಪದ. ಅದರ ಬಗ್ಗೆಯೇ ಎರಡು ಮಾತು ಆಡುತ್ತೇನೆ.

ನಮ್ಮ ಪಂಚಾಯಿತಿ ಶುರುವಾದದ್ದು ಹಿಟ್ಟಿನ ಗಿರಣಿಯ ಜಗುಲಿಯಲ್ಲಿ. ಸಭೆ ಮುಗಿಯುವಷ್ಟರಲ್ಲಿ ಎಲ್ಲರ ಹುಬ್ಬೂ ಬಿಳಿ. ಆಗ ಚುನಾವಣೆಯಲ್ಲಿ ನನ್ನ ಎದುರು ನಿಲ್ಲುತ್ತಿದ್ದವರು ಪಕ್ಕದ ಮನೆಯ ಟೈಲರು. ಊರೆಲ್ಲ ಅವರನ್ನು ಕರೆಯುತ್ತಿದ್ದುದು ತಕರಾರು ಟೈಲರ್ ಎಂದು. ಪ್ರತಿ ಸಲ ಸೋಲುತ್ತಿದ್ದರು, ಪ್ರತಿ ಸಭೆಗೂ ಬರುತ್ತಿದ್ದರು. ಕುತ್ತಿಗೆಯ ಟೇಪು ಸರಿ ಮಾಡಿಕೊಂಡು ಎದ್ದು ನಿಂತು, "ಅಧ್ಯಕ್ಷರೇ, ನಂದೊಂದು ತಕರಾರಿದೆ" ಎನ್ನುತ್ತಿದ್ದರು. ನೀರಿನ ಟ್ಯಾಂಕು ಎಲ್ಲಿ ಕಟ್ಟಿದರೂ ತಕರಾರು. ದೀಪದ ಕಂಬಕ್ಕೆ ತಕರಾರು. ಈ ಸಭಾಂಗಣಕ್ಕೆ ಇಷ್ಟೊಂದು ಕಿಟಕಿ ಯಾಕೆ, ಸದಸ್ಯರು ಹೊರಗೆ ನೋಡ್ತಾ ಕೂರ್ತಾರೆ ಎಂದು ತಕರಾರು. ಬಹಳಷ್ಟು ಸಲ ಅವರು ಹೇಳಿದ್ದು ತಪ್ಪೇ. ಆದರೆ ಅವರಿಗೆ ಉತ್ತರ ಕೊಡಬೇಕಲ್ಲ ಎಂದು ನಾನು ಹಿಂದಿನ ದಿನವೇ ಟ್ಯಾಂಕಿನ ಜಾಗಕ್ಕೆ ಹೋಗಿ ನೋಡಿ ಬರುತ್ತಿದ್ದೆ. ಈಗ ಕೂತಲ್ಲೇ ಸಹಿ ಹಾಕುತ್ತೇನೆ.

ಸಭೆ ಮುಗಿದರೂ ಜಗಳ ಮುಗಿಯುತ್ತಿರಲಿಲ್ಲ, ನಮ್ಮ ಮನೆಯ ಗೇಟಿನವರೆಗೂ ಬರುತ್ತಿತ್ತು. ನನ್ನವಳು ಬಾಗಿಲಿಗೆ ಬಂದು, "ಅಣ್ಣಾ, ನಿಂತ್ಕೊಂಡು ಯಾಕೆ ಜಗಳ ಆಡ್ತೀರಿ, ಒಳಗೆ ಬಂದು ಕೂತು ಆಡಿ. ತಪ್ಪು ಇವರದ್ದೇ ಇರುತ್ತೆ" ಎನ್ನುತ್ತಿದ್ದಳು. ಅವಳೂ ವಿರೋಧ ಪಕ್ಷವೇ.

ಟೈಲರು ತೀರಿಕೊಂಡರು. ಮರುವರ್ಷ ಅವಳೂ ಹೋದಳು. ಈಗ ಮನೆಯಲ್ಲಿ ನಾನು ಹೇಳಿದ್ದೆಲ್ಲ ಪಾಸು. ಅಡುಗೆಗೆ ಉಪ್ಪು ಹೆಚ್ಚಾದರೂ ಸರ್ವಾನುಮತ. ನಗಬೇಡಿ. ಅಥವಾ ನಗಿ, ಪರವಾಗಿಲ್ಲ. ಇಲ್ಲಿಯೂ ಹಾಗೆಯೇ ಅಲ್ಲವೇ? ನಾನು ಬಾಯಿ ತೆರೆಯುವ ಮೊದಲೇ ಎಲ್ಲರ ಕೈ ಮೇಲೆ. ಹೋದ ತಿಂಗಳು ಬೇಕೆಂದೇ ಹೇಳಿದೆ, ಬಸ್ ನಿಲ್ದಾಣವನ್ನು ಕೆರೆಯೊಳಗೆ ಕಟ್ಟೋಣ ಎಂದು. ಒಪ್ಪಿಗೆಯಾಯಿತು. ಅವತ್ತು ಒಬ್ಬನೇ ಮನೆಗೆ ನಡೆದು ಹೋಗುವಾಗ ನನಗೆ ಅಳು ಬಂತು.

ಮಹನೀಯರೇ, ಎದುರಾಡುವವರೇ ಇಲ್ಲದ ಮನುಷ್ಯ ಒಬ್ಬಂಟಿಯಲ್ಲದೆ ಮತ್ತೇನು? ಅದಕ್ಕೇ ಕೈಮುಗಿದು ಕೇಳುತ್ತೇನೆ. ನಾಳೆ ಸಂಜೆಯೊಳಗೆ ಯಾರಾದರೂ ಒಬ್ಬರು ನನ್ನ ವಿರುದ್ಧ ನಿಲ್ಲಿ. ಗೆದ್ದರೆ ಕುರ್ಚಿ ನಿಮ್ಮದು. ಸೋತರೂ ಸಭೆಗೆ ಬನ್ನಿ, ನನ್ನನ್ನು ಬಾಯಿಗೆ ಬಂದಂತೆ ಬೈಯಿರಿ. ಯಾರು ನಿಲ್ಲುತ್ತೀರಿ?

ಚಪ್ಪಾಳೆ ಬೇಡ. ದಯವಿಟ್ಟು ನಿಲ್ಲಿಸಿ, ನಾನು ಕೇಳಿದ್ದು ಚಪ್ಪಾಳೆಯನ್ನಲ್ಲ.

ಆಯಿತು. ಇಷ್ಟು ಹೊತ್ತು ಕೇಳಿ, ಇದಕ್ಕೂ ಒಪ್ಪಿಗೆ ಕೊಟ್ಟ ನಿಮಗೆಲ್ಲ ವಂದನೆಗಳು. ನಮಸ್ಕಾರ.