ಮೀನಿನ ಹಾರ್ನು

ಮೂಡುಬಿದಿರೆಯಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಿದ್ದೆ. ಮಂಗಳೂರು ಬಸ್ಸಿನಿಂದ ಶಶಿಪ್ರಭಾ ಟೀಚರು ಬುಟ್ಟಿ ಹಿಡಿದು ಇಳಿದರು. ಒಳಗೆ ಬೆಕ್ಕಿನ ಮರಿ. ಮೀನು ಮಾರುವ ಹಸೈನಾರ್ ಮೊಪೆಡ್ ನಿಲ್ಲಿಸಿದರು.

“ಇದೆಲ್ಲಿಂದ ಟೀಚರೇ?”

“ಪ್ರಾಣಿಗಳ ಆಶ್ರಮದಿಂದ. ಕಣ್ಣು ಕಾಣುವುದಿಲ್ಲ ಅಂತ ಯಾರಿಗೂ ಬೇಡವಾಗಿತ್ತು. ಇನ್ನು ನಮ್ಮ ಗೇಟಿನ ಹತ್ರ ನೀವು ಹಾರ್ನ್ ಹೊಡೀಬಾರದು.”

“ಮತ್ತೆ ಮೀನು ಬಂದದ್ದು ಜನರಿಗೆ ಗೊತ್ತಾಗುವುದು ಹೇಗೆ ಮಾರಾಯ್ರೆ?”

“ನಿಮ್ಮ ಹಾರ್ನ್ ಕೇಳಿದರೆ ಬೆಕ್ಕುಗಳೆಲ್ಲ ರಸ್ತೆಗೆ ಓಡ್ತವೆ. ಇದೂ ಓಡ್ತದೆ. ಜೀಪು ಬಂದರೆ ಇದಕ್ಕೆ ಕಾಣ್ತದಾ?”

“ಆಯ್ತು, ಹೊಡೆಯುವುದಿಲ್ಲ.”

ಅಷ್ಟರಲ್ಲಿ ಮರಿ ಮೀನಿನ ಪೆಟ್ಟಿಗೆಯ ಕಡೆ ಮೂಗೆತ್ತಿ ಬುಟ್ಟಿ ಪರಚತೊಡಗಿತು.

“ನೋಡಿ ಟೀಚರೇ, ಇದಕ್ಕೆ ಹಾರ್ನ್ ಬೇಡ, ವಾಸನೆಯೇ ಸಾಕು.”

“ಹಾಗಾದ್ರೆ ಏನು ಮಾಡುವ?”

“ಇದು ರಸ್ತೆಗೆ ಬರುವುದು ಬೇಡ, ನಾನೇ ನಿಮ್ಮ ಅಂಗಳಕ್ಕೆ ಬರ್ತೇನೆ. ದಿನಾ ಒಂದು ಬೂತಾಯಿ ಮೀನು ಹಾಕಿ ಹೋಗ್ತೇನೆ.”

“ಜೈನರ ಅಂಗಳಕ್ಕೆ ಮೀನಾ! ಅತ್ತೆ ನನ್ನನ್ನೇ ಆ ಆಶ್ರಮಕ್ಕೆ ಕಳಿಸಿಯಾರು.”

ಹಸೈನಾರ್ ನಗುತ್ತ ಮೊಪೆಡ್ ಹೊರಡಿಸಿದರು. ಹತ್ತು ಮಾರು ಹೋಗಿರಲಿಲ್ಲ, ಟೀಚರು ಬುಟ್ಟಿ ಎತ್ತಿಕೊಂಡು ಹಿಂದೆಯೇ ಓಡಿದರು.

“ಹಸೈನಾರೇ, ಹಿತ್ತಲ ಬಾಗಿಲಿಗೆ ಬನ್ನಿ. ಎಂಟೂವರೆಗೆ ಅತ್ತೆ ಬಸದಿಗೆ ಹೋಗಿರ್ತಾರೆ.”