ಅಮ್ಮ ಹೇಳಿದ ವಾಕ್ಯ

ಹುಡುಗಿ ಜೊತೆಗಿದ್ದ ಹುಡುಗನ ಕೈಯಿಂದ ಫೋನ್ ಕಿತ್ತುಕೊಂಡಳು. ದಿಲ್ಲಿಯ ಪೀತಮ್‌ಪುರ ಮೆಟ್ರೊ ನಿಲ್ದಾಣದ ಹೊರಗಿನ ಇ-ರಿಕ್ಷಾ ಸಾಲಿನಲ್ಲಿ ನಾನು ಅವರ ಹಿಂದೆಯೇ ಇದ್ದೆ.

“ನಮ್ಮಮ್ಮನ ಧ್ವನಿ ಇಡೀ ಕ್ಲಾಸಿಗೆ ಕೇಳಿಸಿದೀಯಲ್ಲೋ ಸುದರ್ಶನ್!”

“ರೆಕಾರ್ಡ್ ಮಾಡ್ಕೋ ಅಂತ ಆಂಟೀನೇ ಅಂದಿದ್ರು, ಹಂಸಿನಿ. ನನ್ನ ಥೀಸಿಸ್ಸೇ ಅದಲ್ವಾ? ಇಂಗ್ಲಿಷ್ ಕ್ರಿಯಾಪದದ ಜೊತೆ ಡೌನ್, ಇನ್, ಫ್ರಮ್ ಎಲ್ಲಾ ನಮ್ಮೋರು ಹೇಗೆ ಸೇರಿಸ್ತಾರೆ ಅಂತ.”

“ನಿನಗೆ ಊಟ ಬಡಿಸ್ತಾ ಆಡಿದ ಮಾತು. ಅದರ ಮುಂದೆ ನಕ್ಷತ್ರ ಹಾಕಿ ತೋರಿಸಿದೆ.”

“ತಪ್ಪು ವಾಕ್ಯದ ಮುಂದೆ ನಕ್ಷತ್ರದ ಗುರುತು ಹಾಕೋದು ನಮ್ಮ ಭಾಷಾಶಾಸ್ತ್ರದಲ್ಲಿ ರೂಢಿ ಕಣೇ.”

“‘ಹಿ ಫೆಲ್ ಡೌನ್ ಇನ್ ದಿ ಸ್ಟೆಪ್ಸ್ ಓನ್ಲಿ.’ ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನು ಅಲ್ಲೇ ಕೂತಿದ್ದೆ.”

“ನಕ್ಕಿದ್ದು ವಾಕ್ಯಕ್ಕೆ, ಆಂಟಿಗಲ್ಲ.”

“ಅಪ್ಪ ಸತ್ತದ್ದು ಹೇಗೆ ಅಂತ ಹೇಳ್ತಿದ್ರು ಕಣೋ ಅವರು!”

“ಗೊತ್ತು. ನನಗೆ ಅಷ್ಟೇ ಬೇಕಿತ್ತು, ಹಿಂದೆ ಮುಂದೆ ಕತ್ತರಿಸಿದೆ.”

“ಅಚ್ಛಾ. ಕತ್ತರಿಸಿದೆ.”

ರಿಕ್ಷಾ ಬಂತು. “ಇಬ್ಬರು ಬನ್ನಿ” ಎಂದು ಚಾಲಕ ಹಿಂದಿಯಲ್ಲಿ ಕೂಗಿದ. ಸುದರ್ಶನ್ ಹತ್ತಿ ಕುಳಿತು, ಪಕ್ಕಕ್ಕೆ ಸರಿದ.

“ನಕ್ಷತ್ರ ತೆಗೀತೀನಿ. ಥೀಸಿಸ್ಸಿನ ಕೃತಜ್ಞತೆ ಪುಟದಲ್ಲಿ ಆಂಟಿ ಹೆಸರೇ ಮೊದಲು. ಸರೀನಾ? ಚಲೋ, ಬಾ.”

ಅವಳು ರೆಕಾರ್ಡಿಂಗ್ ಅಳಿಸಿ, ಫೋನನ್ನು ಅವನ ತೊಡೆಯ ಮೇಲೆ ಎಸೆದಳು.

“ಬೇಡ. ನಮ್ಮಮ್ಮನ ಹೆಸರು ನಿನಗೆ ಕೊಡಲ್ಲ.”