ತಪ್ಪಾತ್ರಿ ಅನ್ನುವ ಮೊದಲು

ಈ ವಾರ್ಷಿಕ ಸಭೆಯ ಅಧ್ಯಕ್ಷತೆ ವಹಿಸಿರುವ ಕರಿಸಿದ್ದಪ್ಪನವರೇ, ವೇದಿಕೆಯ ಮೇಲಿರುವ ನಿರ್ದೇಶಕರೇ, ಕುರಿಯನ್ನು ಯಾರಿಗೋ ಒಪ್ಪಿಸಿ ತಂಬ್ರಹಳ್ಳಿಯ ತನಕ ಬಂದಿರುವ ನಮ್ಮ ಕುರಿಗಾರರ ಸಂಘದ ಸದಸ್ಯರೇ, ಊಟಕ್ಕೆ ಮುಂಚಿನ ಭಾಷಣ ಯಾರಿಗೂ ಬೇಡವೆಂದು ಗೊತ್ತಿದ್ದೂ ಎದ್ದುಹೋಗದ ಸಭಿಕರೇ,

ನಾನು ಪುಷ್ಪಲತಾ, ನಿಮ್ಮ ಸಂಘದ ಕಾರ್ಯದರ್ಶಿ. ಇವತ್ತು ನಾವು ಕೈ ಎತ್ತಿ ತೀರ್ಮಾನಿಸಬೇಕಾದ ವಿಷಯ ಒಂದೇ. ವರ್ಷಕ್ಕೊಮ್ಮೆ ಮುಂಗಡವಾಗಿ ಶುಲ್ಕ ಕಟ್ಟಿದರೆ ಸದಸ್ಯರೆಲ್ಲರಿಗೂ ವಕೀಲರ ನೆರವು ಸಿಗುವ ಎರಡು ಯೋಜನೆಗಳು ನಮ್ಮ ಮುಂದಿವೆ. ಶುಲ್ಕ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ, ಕೇಸು ದಾಖಲಾದ ಮೇಲೆ ವಕೀಲರು ನಮ್ಮ ಪರವಾಗಿ ಕೋರ್ಟಿನಲ್ಲಿ ನಿಲ್ಲುತ್ತಾರೆ. ಎರಡನೆಯದರಲ್ಲಿ ಕೋರ್ಟಿಗೆ ಬರುವುದಿಲ್ಲ; ಆದರೆ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲಿ ಸಲಹೆ ಕೊಡುತ್ತಾರೆ, ಬೇಕೆಂದರೆ ಎದುರಿಗಿದ್ದವರ ಜೊತೆಗೂ ಮಾತಾಡುತ್ತಾರೆ.

ಅಧ್ಯಕ್ಷರು ಮೊದಲನೆಯದನ್ನೇ ಹಿಡಿದಿದ್ದಾರೆ. "ಏನವ್ವಾ ಪುಷ್ಪಾ, ಕರಿಕೋಟು ಹಾಕ್ಕೊಂಡು ಎದುರಿಗಿ ನಿಂದ್ರೋ ವಕೀಲ ಬೇಕೋ, ಫೋನಿನಾಗ ಹಲೋ ಅನ್ನಾವ ಬೇಕೋ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಮನೆಯ ಸುದ್ದಿ ಹೇಳಬೇಕಾಗುತ್ತದೆ.

ನಮ್ಮ ಮನೆಯವರು, ಹೊನ್ನೂರಸ್ವಾಮಿ, ನಿಮಗೆಲ್ಲ ಗೊತ್ತು. ಮಾತೆತ್ತಿದರೆ "ತಪ್ಪಾತ್ರಿ" ಅನ್ನುವ ಮನುಷ್ಯ. ಬಸ್ಸಿನಲ್ಲಿ ಇವರ ಕಾಲನ್ನು ಬೇರೆಯವರು ತುಳಿದರೂ "ತಪ್ಪಾತ್ರಿ" ಅನ್ನುವವರು ಇವರೇ. ನಮ್ಮ ಮದುವೆಯಲ್ಲಿ ಬಾಸಿಂಗ ಜಾರಿದ್ದು ನನ್ನದು. "ತಪ್ಪಾತು" ಅಂದದ್ದು ಅವರು. ಆವತ್ತೇ ನನಗೆ ಹಿಡಿಸಿಬಿಟ್ಟರು. ಇರಲಿ ಬಿಡಿ, ಅದು ಇಲ್ಲಿ ಬೇಡ. ಕುರಿ ಹೊಡೆದುಕೊಂಡು ಊರೂರು ತಿರುಗುವ ನಮಗೆಲ್ಲ ಅದು ಬಾಯಿಗೆ ಕೂತ ಮಾತು. ಹೊಲದವರು ಕೂಗಾಡಿದರೆ ಮೊದಲು "ತಪ್ಪಾತ್ರಿ" ಅನ್ನುತ್ತೇವೆ. ಅವರ ಸಿಟ್ಟು ಇಳಿದ ಮೇಲೆ ಯಾರ ಕುರಿ, ಏನು ಕತೆ ಅಂತ ಮಾತಾಡುತ್ತೇವೆ. ಹೌದೋ ಇಲ್ಲವೋ?

ಹೋದ ವರ್ಷ ಹೊಳೆ ದಂಡೆಯ ಒಂದು ಊರಿನಲ್ಲಿ ಯಾರದೋ ಹಿಂಡು ಮೆಕ್ಕೆಜೋಳ ಮೇದು ಮುಂದೆ ಹೋಗಿತ್ತು. ಹಿಂದೆ ಬಂದ ನಮ್ಮ ಮನೆಯವರು ಸಿಕ್ಕಿಬಿದ್ದರು. ಹೊಲದವರು ಬೈಯತೊಡಗಿದ್ದೇ ತಡ, ಎರಡೂ ಕೈ ಜೋಡಿಸಿ, "ತಪ್ಪಾತ್ರಿ ಯಜಮಾನ್ರ, ಹೊಟ್ಟಿಗಿ ಹಾಕ್ಕೊಳ್ರಿ" ಅಂದರು. ಅಲ್ಲಿದ್ದ ಒಬ್ಬರು ಅದನ್ನು ಫೋನಿನಲ್ಲಿ ಹಿಡಿದಿಟ್ಟರು. ಠಾಣೆಯಲ್ಲಿ ಆ ಮಾತು "ತಪ್ಪು ಒಪ್ಪಿಕೊಂಡಿದ್ದಾನೆ" ಎಂದಾಯಿತು. "ನಮ್ಮ ಕುರಿ ಅಲ್ರಿ" ಎಂದು ಆಮೇಲೆ ಎಷ್ಟು ಬಡಿದುಕೊಂಡರೂ, "ಹಂಗಾರ ತಪ್ಪಾತು ಅಂತ ಯಾಕಂದಿ?" ಎಂಬುದೇ ಎಲ್ಲರ ಪ್ರಶ್ನೆ.

ಅಧ್ಯಕ್ಷರೇ, ಕರಿಕೋಟಿನ ವಕೀಲರು ನಮಗೂ ಇದ್ದಾರೆ. ಒಳ್ಳೆಯವರೇ. ಅವರೂ ಹೇಳುವುದು ಅಷ್ಟೇ: "ಆ ಮಾತೊಂದು ಆಡದಿದ್ರ ಆಗ್ತಿತ್ತವ್ವಾ." ಆಡುವ ಮೊದಲೇ "ತಡಿಯಪ್ಪಾ, ಸುಮ್ಕಿರು" ಅನ್ನುವವರು ಒಬ್ಬರು ಫೋನಿನಲ್ಲಿ ಇದ್ದಿದ್ದರೆ?

"ಗಂಡನ ಕೇಸಿಗೆ ಸಂಘದ ರೊಕ್ಕ ಹಾಕಾಕ ಹೊಂಟಾಳ" ಎಂದು ಚಹಾದ ಅಂಗಡಿಯಲ್ಲಿ ಕೆಲವರು ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಎರಡೂ ಯೋಜನೆಗಳನ್ನು ಓದಿ ನೋಡಿ. ಈಗಾಗಲೇ ನಡೆಯುತ್ತಿರುವ ಕೇಸು ಯಾವುದಕ್ಕೂ ಸೇರುವುದಿಲ್ಲ. ಇವತ್ತೂ ಅವರ ವಾಯಿದೆ. ಹಡಗಲಿ ಕೋರ್ಟಿಗೆ ಹೋಗಿದ್ದಾರೆ. ಅದಕ್ಕೇ ನಿಮ್ಮ ನಡುವೆ ಕಾಣುತ್ತಿಲ್ಲ. "ಏನು ಕೇಳಿದ್ರೂ ತಪ್ಪಾತು ಅನಬ್ಯಾಡ್ರಿ" ಎಂದು ಗದರಿ ಕಳಿಸಿದೆ. ನಾನು ಗದರಿ ಗದರಿ ಈಗ ಮನೆಯಲ್ಲೂ ಅವರು ಆ ಮಾತು ಬಿಟ್ಟಿದ್ದಾರೆ. ಮೊನ್ನೆ ನೀರಿನ ಚಂಬು ಬೀಳಿಸಿದರು. ನನ್ನ ಮುಖ ನೋಡಿದರು, ಏನೂ ಅನ್ನದೆ ನೆಲ ಒರೆಸಿದರು. ನನಗೆ ಅಳು ಬಂತು, ಸಭಿಕರೇ.

ಹಾಗಾಗಿ ಎರಡನೆಯ ಯೋಜನೆಗೆ ಕೈ ಎತ್ತಿ ಎಂದು ಕೇಳುತ್ತೇನೆ. ಹೊಲದವರು ಎಷ್ಟೇ ಕೂಗಲಿ, ಮೊದಲು ಫೋನ್, ಆಮೇಲೆ ಮಾತು. "ತಪ್ಪಾತು" ಅನ್ನುವುದನ್ನು ಮನೆಯೊಳಗಿನವರಿಗೆ ಉಳಿಸಿಕೊಳ್ಳಿ.

ಇಷ್ಟು ಹೊತ್ತು ಕೇಳಿದ ನಿಮಗೆ, ನಾನು ಏನು ಹೇಳುತ್ತೇನೆಂದು ಗೊತ್ತಿದ್ದೂ ಮೈಕು ಕೊಟ್ಟ ಅಧ್ಯಕ್ಷರಿಗೆ ವಂದನೆಗಳು. ಕೊನೆಯಲ್ಲಿ ಎಲ್ಲರೂ "ನನ್ನ ಮಾತಿನಲ್ಲಿ ಏನಾದರೂ ತಪ್ಪಿದ್ದರೆ ಕ್ಷಮಿಸಿ" ಅನ್ನುವುದು ಪದ್ಧತಿ. ನನ್ನ ಬಾಯಿಗೂ ಬಂದಿತ್ತು. ಅನ್ನುವುದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಫೋನಿನಲ್ಲಿ ಹಿಡಿಯುತ್ತಿದ್ದಾರೆ.

ನಮಸ್ಕಾರ.